ಎಡಗಾಲ ಚಪ್ಪಲಿ

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗೆ ಫ್ಲೆಕ್ಸ್ ಕಟ್ಟಿದ್ದಾರೆ. ಕಪ್ಪು ಅಂಚು, ಎರಡೂ ಬದಿಗೆ ಉರಿಯುವ ದೀಪದ ಚಿತ್ರ, ನಡುವೆ ಆತನ ಮುಖ. ಮುಖದ ಕೆಳಗೆ ದಪ್ಪ ಅಕ್ಷರದಲ್ಲಿ ‘ಕ್ಲಚ್ ಬ್ರಹ್ಮ’ ಎಂದಿದೆ. ಅದರ ಕೆಳಗೆ ‘ಮತ್ತೆ ಹುಟ್ಟಿ ಬನ್ನಿ’. ಗಾಡಿ ಪಕ್ಕಕ್ಕೆ ಹಾಕಿ ಎರಡು ಸಲ ಓದಿದೆ. ಬೇಡಪ್ಪಾ. ಒಂದು ಸಲ ಬಂದು ನನ್ನ ಹೊಟ್ಟೆ ಉರಿಸಿದ್ದೇ ಸಾಕು.

ಹೋದ ಮನುಷ್ಯನ ಮೇಲೆ ಇನ್ನೂ ಎಂಥ ಸಿಟ್ಟು ನಿನಗೆ ಎಂದು ನಮ್ಮನೆಯವರು ಕೇಳುತ್ತಾರೆ. ಅವರು ಟೈಲರ್. ಇಡೀ ದಿನ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂರುವವರಿಗೆ ಯಾರ ಮೇಲೂ ಸಿಟ್ಟು ಮಾಡುವ ಪುರುಸೊತ್ತಿಲ್ಲ. ನನ್ನ ಸ್ವಭಾವ ಹಾಗಲ್ಲ. ಆತನಿಗೆ ಬಹುವಚನ ಕೊಡಲು ಇವತ್ತಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ಬದುಕಿದ್ದಾಗ ಎದುರಿಗೆ ‘ರೀ’ ಹಚ್ಚಿ ಮಾತಾಡಿದ್ದೇನೆ, ಆ ಮರ್ಯಾದೆ ಮುಗಿಯಿತು.

ಆತ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದ. ಅಂಗಡಿ ಆತನದಲ್ಲ, ಸಂಬಳಕ್ಕಿದ್ದವನು. ಆದರೆ ಸಾವ್ಕಾರನೇ ಆತನ ಮುಂದೆ ನಿಂತು ಮಾತಾಡುತ್ತಿದ್ದ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿಯ ಡ್ರೈವರ್ ಆದರೂ ಆತನನ್ನು ‘ಕಾಕಾ’ ಎಂದೇ ಕರೆಯಬೇಕು, ಕೈ ಮುಗಿಯಬೇಕು, ಆತ ಚಹಾ ಕುಡಿದು ಮುಗಿಸುವವರೆಗೆ ಕಾಯಬೇಕು. ಚಹಾವನ್ನು ಬಸಿಗೆ ಸುರಿದುಕೊಂಡು ಅರ್ಧ ಕುಡಿದು ಅರ್ಧ ಬಿಡುವುದು ಆತನ ಪದ್ಧತಿ. ಉಳಿದರ್ಧ ಯಾವ ದೇವರಿಗೋ ನನಗೆ ಗೊತ್ತಿಲ್ಲ. ಒಂದು ಕಡೆಯ ಕಡ್ಡಿ ಮುರಿದ ಕನ್ನಡಕವನ್ನು ದಾರದಿಂದ ಕಿವಿಗೆ ಸುತ್ತಿಕೊಂಡು, ಎತ್ತರದ ಸ್ಟೂಲಿನ ಮೇಲೆ ಕೂತು, ಬಂದವರ ಮುಖವನ್ನಲ್ಲ, ಕಾಲನ್ನು ನೋಡುತ್ತಿದ್ದ.

ಇನ್ನೊಂದು ಮಾತು ಹೇಳಿದರೆ ನಗುತ್ತೀರಿ. ಆತನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ದಿನಾ ಉಜ್ಜಿನಿಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಅದೂ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ಆ ಪುಣ್ಯಾತ್ಮನ ಎಡಗಾಲನ್ನೇ ನೋಡುತ್ತ. ಬಸ್ಸು ಇಳಿಯುವಾಗ ಒಂದು ಮಾತು ಒಗೆಯುತ್ತಿದ್ದ: “ಕ್ಲಚ್ ಇರೋದು ಬಿಡಾಕಲೇ, ಒತ್ತಾಕಲ್ಲ.” ಇಡೀ ಜನ್ಮಕ್ಕೆ ಆತ ಹೇಳಿದ ಮಾತು ಇದೊಂದೇ ಇರಬೇಕು. ಕೇಳಿದವರು ಮಂತ್ರ ಸಿಕ್ಕಿದವರ ಹಾಗೆ ತಲೆಯಾಡಿಸುತ್ತಿದ್ದರು.

ಆತನ ಹೆಸರು ಎದ್ದದ್ದು ಚಪ್ಪಲಿಯಿಂದ. ಡ್ರೈವರ್ ಬಂದು “ಕಾಕಾ, ಕ್ಲಚ್ ಹೋತು” ಎಂದರೆ ಗಾಡಿ ಯಾವುದು, ಎಷ್ಟು ಲೋಡು, ಒಂದನ್ನೂ ಕೇಳುತ್ತಿರಲಿಲ್ಲ. “ಎಡಗಾಲಂದು ಬಿಡು” ಎಂದು ಕೈ ಚಾಚುತ್ತಿದ್ದ. ಚಪ್ಪಲಿಯನ್ನು ತಿರುವಿ, ಬಾಗಿಲ ಬೆಳಕಿಗೆ ಹಿಡಿದು, ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಹಿಮ್ಮಡಿ ಸವೆದಿದ್ದರೆ ಕಾಲು ನೆಲದ ಮೇಲೆ ಇರುತ್ತದೆ, ಒಳ್ಳೆಯ ಡ್ರೈವರ್. ಮುಂಗಾಲಿನ ಹತ್ತಿರ ಅಟ್ಟೆ ನುಣ್ಣಗೆ ಹೊಳೆಯುತ್ತಿದ್ದರೆ ಆ ಮನುಷ್ಯ ಹೊತ್ತೂ ಮೂರ್ಹೊತ್ತೂ ಪೆಡಲಿನ ಮೇಲೆ ಕಾಲಿಟ್ಟೇ ಓಡಿಸುತ್ತಾನೆ, ಅಂಥವನಿಗೆ ಎಂಥ ಕ್ಲಚ್ ಪ್ಲೇಟು ಹಾಕಿದರೂ ಸುಡುತ್ತದೆ. “ಪ್ಲೇಟ್ ಅಲ್ಲಲೇ, ನಿನ್ನ ಕಾಲು ಬದ್ಲಿ ಮಾಡ್ಬೇಕು” ಎಂದು ಚಪ್ಪಲಿಯನ್ನು ಕೌಂಟರಿನ ಮೇಲೆ, ದೇವರ ಫೋಟೊದ ಪಕ್ಕದಲ್ಲೇ ಕುಕ್ಕುತ್ತಿದ್ದ. ನಲವತ್ತು ವರ್ಷದ ಗಂಡಸರು ಒಂಟಿಗಾಲಲ್ಲಿ ನಿಂತು ಬೈಸಿಕೊಂಡು ಹಲ್ಲು ಕಿರಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ನನ್ನ ಕಥೆ. ಅಪ್ಪ ಸರಕಿನ ಟೆಂಪೋ ಓಡಿಸುತ್ತಿದ್ದ. ಹತ್ತನೇ ಇಯತ್ತೆಗೆ ಮುಂಚೆಯೇ ಅದರ ಮೇಲೆ ಗಾಡಿ ಕಲಿತೆ. ಆ ಟೆಂಪೋದ ಕ್ಲಚ್ ಪೆಡಲಿನ ಸ್ಪ್ರಿಂಗ್ ಹೋಗಿತ್ತು. ಒತ್ತಿದರೆ ಒಳಗೇ ಕೂರುತ್ತಿತ್ತು, ಮತ್ತೆ ಕಾಲ್ಬೆರಳು ತೂರಿಸಿ ಮೇಲೆತ್ತಬೇಕು. ಹಾಗಾಗಿ ಎಡಗಾಲು ಅಲ್ಲಿಂದ ಕದಲುವಂತೆಯೇ ಇರಲಿಲ್ಲ. ಅಪ್ಪ ಹೋದ ಮೇಲೆ ಟೆಂಪೋ ಗುಜರಿಗೆ ಹೋಯಿತು. ನಾನು ಮದುವೆಯಾಗಿ ಕೊಟ್ಟೂರಿಗೇ ಬಂದೆ. ನಮ್ಮಣ್ಣ ಒಂದು ಹಳೆಯ ಪಿಕಪ್ ತೆಗೆದುಕೊಂಡು, ಓಡಿಸಲು ಡ್ರೈವರ್ ಸಿಗದೆ ಒದ್ದಾಡುವಾಗ ಕೀಲಿ ಕೇಳಿದೆ. ಕೊಟ್ಟ. ಹರಪನಹಳ್ಳಿ ತಾಲೂಕಿನ ಅರಸೀಕೆರೆ ಹತ್ತಿರದ ಕೋಳಿ ಫಾರಂನಿಂದ ಮೊಟ್ಟೆ ಹೇರಿಕೊಂಡು ಒಂದು ದಿನ ಕೂಡ್ಲಿಗಿ ಕಡೆ, ಒಂದು ದಿನ ಹಂಪಸಾಗರ, ಹಡಗಲಿ ಕಡೆ ಅಂಗಡಿಗಳಿಗೆ ಹಾಕಿ ಬರುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರಿಲ್ಲ. ವಿಭೂತಿ ಹಚ್ಚಿಕೊಂಡು ಸ್ಟೇರಿಂಗ್ ಹಿಡಿದರೆ ಜನ ನಗುತ್ತಿದ್ದರು. ನಗಲಿ. ಆ ಸೀಟಿನಲ್ಲಿ ಕೂತಾಗ ನನಗೆ ಆಗುವ ಸುಖ ಅವರಿಗೇನು ಗೊತ್ತು!

ತೊಂದರೆ ಎಂದರೆ ಗಾಡಿಯ ಎಂಜಿನ್ನು. ಹಿಂದಿನ ಮಾಲೀಕ ದಾಳಿಂಬೆ ಹೇರುತ್ತಿದ್ದವನು, ಮಾರ್ಕೆಟ್ಟಿಗೆ ಎಲ್ಲರಿಗಿಂತ ಮುಂಚೆ ಮುಟ್ಟುವ ಹುಚ್ಚು. ಯಾರಿಂದಲೋ ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ನಿನ ಪವರ್ ಏರಿಸಿದ್ದ. ಎಂಜಿನ್ನೇನೋ ಹುಲಿಯಾಯಿತು, ಅದರ ಬಲವನ್ನು ಗಾಲಿಗೆ ಮುಟ್ಟಿಸುವ ಕ್ಲಚ್ಚು ಮಾತ್ರ ಕಂಪನಿ ಕೊಟ್ಟದ್ದೇ. ಫಾರಂನಿಂದ ಟಾರು ರಸ್ತೆಗೆ ಹತ್ತುವ ಮಣ್ಣಿನ ಏರಿನಲ್ಲಿ ಆಕ್ಸಿಲೇಟರ್ ತುಳಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಒಳಗೆ ಪ್ಲೇಟು ಜಾರಿ ಜಾರಿ ಸುಟ್ಟ ವಾಸನೆ ಬರುತ್ತಿತ್ತು. ಒಂದೇ ವರ್ಷದಲ್ಲಿ ಎರಡು ಪ್ಲೇಟು ಹೋದವು. ಊರಿನವರು ಎಂಜಿನ್ನನ್ನು ಬೈಯಲಿಲ್ಲ. ಹೆಂಗಸು ಓಡಿಸಿದರೆ ಮತ್ತೇನಾಗುತ್ತದೆ ಎಂದರು. ಪವರ್ ಇಳಿಸಿಬಿಡೋಣ ಎಂದ ಅಣ್ಣ. ನಾನು ಒಪ್ಪಲಿಲ್ಲ, ಆ ಓಟದ ರುಚಿ ಹತ್ತಿತ್ತು ನನಗೆ. ಆಗ ಅಣ್ಣ ಹೇಳಿದ ಮಾತು ನೆನಪಿದೆ: “ನೋಡವಾ, ಇನ್ನೊಂದು ಸಲ ಕ್ಲಚ್ ಹೋದ್ರ ಗಾಡಿ ಬ್ಯಾರೆ ಡ್ರೈವರ್ ಕೈಯಾಗ ಕೊಡ್ತೀನಿ. ಬ್ಯಾಸರ ಮಾಡ್ಕಬ್ಯಾಡ.”

ಅಂದರೆ ಈ ಸಲ ಸರಿಯಾದ ಕ್ಲಚ್ ಆರಿಸದಿದ್ದರೆ ನಾನು ಮನೆಯಲ್ಲಿ ಕೂತು ಗುಂಡಿ ಹಚ್ಚಬೇಕು. ಅದಕ್ಕೇ ಅಣ್ಣನನ್ನು ಕರೆದುಕೊಂಡು ಆ ಮಹಾನುಭಾವನ ಮುಂದೆ ಹೋಗಿ ನಿಂತೆ.

“ಪವರ್ ಜಾಸ್ತಿ ಮಾಡ್ಸಿದ ಎಂಜಿನ್ ರೀ. ಕಂಪನಿ ಪ್ಲೇಟ್ ತಡಿಯವಲ್ದು. ಇದಕ್ಕಿಂತ ಗಟ್ಟಿದು ಯಾವುದು ಹಾಕ್ಸಬೇಕು, ನೀವ ಹೇಳ್ರಿ” ಎಂದೆ.

ಆತ ನನ್ನನ್ನು ದಾಟಿ ಅಣ್ಣನನ್ನು ನೋಡಿದ. “ಯಾರು ಓಡ್ಸೋದು?”

“ನಾನ ರೀ” ಎಂದೆ.

“ಯಾರು ಓಡ್ಸೋದಪಾ?” ಮತ್ತೆ ಅಣ್ಣನಿಗೇ.

“ನಮ್ಮ ತಂಗಿ ರೀ” ಎಂದ ಅಣ್ಣ, ಕಳ್ಳತನ ಒಪ್ಪಿಕೊಳ್ಳುವವನ ಹಾಗೆ.

ನಾನು ಅಷ್ಟರಲ್ಲಿ ಎಡಗಾಲ ಚಪ್ಪಲಿ ಬಿಟ್ಟು, ಕೈಯಲ್ಲಿ ಎತ್ತಿ ಹಿಡಿದಿದ್ದೆ. ಎಲ್ಲರ ಪದ್ಧತಿ ನನಗೂ ಇರಲಿ ಎಂದು. ಆತ ಸ್ಟೂಲನ್ನು ಹಿಂದೆ ಸರಿಸಿದ. “ಹೆಣಮಕ್ಳ ಚಪ್ಪಲಿ ಮುಟ್ಟಾಂಗಿಲ್ಲ ನಾನು. ಗಂಡ ಅದಾನಲ್ಲ? ಅವಂದು ತಗಂಡ್ ಬಾ ಹೋಗು. ಹೆಣಮಕ್ಳು ಸುಮ್ನ ಸ್ಟೇರಿಂಗ್ ಹಿಡ್ದಿರ್ತಾರ, ಗಾಡಿ ಹಾಳ್ ಮಾಡಾಂವ ಬ್ಯಾರೆನ ಇರ್ತಾನ.”

ಬೆಂಚಿನ ಮೇಲೆ ಕೂತಿದ್ದ ಡ್ರೈವರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದೆ. ಆ ಹೊತ್ತಿಗೆ ಆ ಚಪ್ಪಲಿಯಿಂದ ಬೇರೆ ಕೆಲಸವನ್ನೂ ಮಾಡಬಹುದಿತ್ತು. ಅಣ್ಣನ ಮುಖ ನೋಡಿ ಕಾಲಿಗೆ ಹಾಕಿಕೊಂಡೆ.

ಗಂಡನ ಚಪ್ಪಲಿ ಬೇಕೇ? ತಗೋ. ನೇರ ನಮ್ಮನೆಯವರ ಅಂಗಡಿಗೆ ಹೋಗಿ, ಮಷಿನ್ ತುಳಿಯುತ್ತಿದ್ದವರ ಎಡಗಾಲಿನಿಂದ ಚಪ್ಪಲಿ ಕಿತ್ತುಕೊಂಡು ಬಂದೆ. ನಮ್ಮನೆಯವರಿಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಗೊತ್ತಿಲ್ಲ. ಉಳಿದ ಟೈಲರುಗಳು ಬರಿಗಾಲಲ್ಲಿ ತುಳಿದರೆ ಇವರು ಚಪ್ಪಲಿ ಹಾಕಿಕೊಂಡೇ ತುಳಿಯುತ್ತಾರೆ, ಇಪ್ಪತ್ತು ವರ್ಷದ ಅಭ್ಯಾಸ. ಅಟ್ಟೆ ಮುಂಗಾಲಿನ ಕಡೆ ಕನ್ನಡಿಯಾಗಿತ್ತು. ಕ್ಲಚ್ ಬ್ರಹ್ಮ ಅದನ್ನು ಬೆಳಕಿಗೆ ಹಿಡಿದ. ಹೆಬ್ಬೆರಳು ಆಡಿಸಿದ. ಕಣ್ಣು ಮುಚ್ಚಿದ. ಬೆಂಚಿನವರೆಲ್ಲ ಉಸಿರು ಬಿಗಿಹಿಡಿದರು.

“ನೋಡ್ರಲೇ, ಹೆಂಗೈತಿ! ಮುಂಜಾನಿಂದ ಸಂಜಿತನಕ ಕಾಲ ಎತ್ತಿಲ್ಲ ಮಗ. ಇಂಥವ್ರಿಗೆ ಮೆತ್ತಂದು ನಡಿಯಾಂಗಿಲ್ಲ. ಬಟನ್ ಪ್ಲೇಟು, ಅದ್ರ ಮ್ಯಾಲೆ ಹೆವಿ ಪ್ರೆಶರ್ ಪ್ಲೇಟು. ಸಾಯೋತನಕ ನೋಡಾಂಗಿಲ್ಲ.”

ನನಗೆ ನಗು ಗಂಟಲಿಗೆ ಬಂದಿತ್ತು. ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಪಕ್ಕದಲ್ಲಿ ನಮ್ಮಣ್ಣ ಕೈ ಮುಗಿದುಕೊಂಡು ನಿಂತಿದ್ದ, “ಅವ್ರು ಹೇಳಿದ್ದ ಹಾಕ್ಸೋಣ” ಎನ್ನುತ್ತಿದ್ದ. ಕಾಕಾನನ್ನು ಆಟ ಆಡಿಸಿದೆ ಎಂದು ಗೊತ್ತಾದರೆ ಕೀಲಿ ಅಲ್ಲೇ ಹೋಗುತ್ತದೆ. ಬಾಯಿ ಮುಚ್ಚಿಕೊಂಡೆ. ಬಟನ್ ಪ್ಲೇಟೇ ಬಂತು.

ಅದೇನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಾದಾ ಪ್ಲೇಟಿಗೆ ಸುತ್ತಲೂ ಮೆದು ಪಟ್ಟಿ ಇರುತ್ತದೆ, ನಿಧಾನವಾಗಿ ಹಿಡಿಯುತ್ತದೆ. ಬಟನ್ ಪ್ಲೇಟಿಗೆ ಅದರ ಬದಲು ಅಲ್ಲೊಂದು ಇಲ್ಲೊಂದು ಗಟ್ಟಿ ಬಿಲ್ಲೆಗಳು. ಸುಡುವುದಿಲ್ಲ, ನಿಜ. ಜಾರುವುದಿಲ್ಲ, ನಿಜ. ಆದರೆ ಪೆಡಲ್ ಬಿಟ್ಟರೆ ಗಬಕ್ಕನೆ ಕಚ್ಚುತ್ತದೆ, ಗಾಡಿ ಹಿಂದಿನಿಂದ ಒದೆ ತಿಂದವರ ಹಾಗೆ ಮುಂದಕ್ಕೆ ಜಿಗಿಯುತ್ತದೆ. ಟ್ರಾಕ್ಟರಿಗೆ ಸರಿ. ಕಲ್ಲು ಹೇರುವವನಿಗೆ ಸರಿ. ನಾನು ಹೇರುವುದು ಮೊಟ್ಟೆ! ಏನು ಹೇರುತ್ತೀ ಎಂದು ಆ ಬ್ರಹ್ಮ ಒಂದು ಮಾತು ಕೇಳಬೇಕಿತ್ತೇ ಬೇಡವೇ? ಜೊತೆಗೆ ಅದನ್ನು ಒತ್ತಿ ಹಿಡಿಯುವ ಆ ಹೆವಿ ಪ್ರೆಶರ್ ಪ್ಲೇಟಿನಿಂದ ಪೆಡಲ್ ಎಷ್ಟು ಬಿಗಿಯಾಯಿತೆಂದರೆ ಸೀಟಿಗೆ ಬೆನ್ನು ಒತ್ತಿ, ಸೊಂಟ ಎತ್ತಿ ತುಳಿಯಬೇಕು. ಸಂಜೆ ಮೆಟ್ಟಿಲು ಹತ್ತುವಾಗ ಎಡಮಂಡಿ ಕಟಕಟ ಎನ್ನುತ್ತಿತ್ತು.

ಮೊದಲ ದಿನ ಕೂಡ್ಲಿಗಿಯ ಅಂಗಡಿಯವನು ಹಿಂದಿನ ಬಾಗಿಲು ತೆಗೆದು ಒಳಗೆ ಇಣುಕಿದ. ಕೆಳಗಿನ ಸಾಲಿನ ಟ್ರೇಗಳಿಂದ ಹಳದಿ ಲೋಳೆ ಸೋರಿ ನಂಬರ್ ಪ್ಲೇಟಿನ ಮೇಲೆ ಇಳಿದಿತ್ತು. “ಯಕ್ಕಾ, ತತ್ತಿ ತಂದೀಯೋ, ಆಮ್ಲೆಟ್ ತಂದೀಯೋ?” ಎಂದ. ಎರಡನೇ ದಿನ ಹಡಗಲಿಯವನು ತಮಾಷೆ ಮಾಡಲಿಲ್ಲ, ಇನ್ನು ಮುಂದೆ ಬೇಡ ಎಂದ. ಮೂರನೇ ದಿನ ಫಾರಂನವರು ಅಣ್ಣನಿಗೆ ಫೋನ್ ಮಾಡಿದರು.

ಇನ್ನು ಕಳೆದುಕೊಳ್ಳುವುದೇನಿದೆ? ಒಡೆದ ಮೊಟ್ಟೆಯ ಟ್ರೇ ಒಂದನ್ನು ಹಾಗೇ ಎತ್ತಿಕೊಂಡು ಹೋಗಿ ಆತನ ಕೌಂಟರಿನ ಮೇಲೆ, ದೇವರ ಫೋಟೊದ ಪಕ್ಕದಲ್ಲೇ ಇಟ್ಟೆ. ಅಣ್ಣನೂ ಹಿಂದೆಯೇ ಬಂದಿದ್ದ, ಬೆಂಚಿನ ತುಂಬ ಡ್ರೈವರುಗಳಿದ್ದರು. “ನೀವು ಅವತ್ತು ನೋಡಿದ್ದು ಡ್ರೈವರ್ ಚಪ್ಪಲಿ ಅಲ್ರಿ. ನಮ್ಮನಿಯವ್ರು ಟೈಲರ್. ಅದು ಹೊಲಿಗಿ ಮಷಿನ್ ತುಳಿದ ಚಪ್ಪಲಿ. ಅಂಗಿ ಹೊಲಿಯೋರಿಗೆ ಬಟನ್ ಪ್ಲೇಟ್ ಕೊಟ್ಟು ಕಳಿಸೀರಿ” ಎಂದೆ.

ಅಂಗಡಿ ಗಪ್‌ಚುಪ್ ಆಯಿತು. ನನ್ನ ಜೀವನದಲ್ಲಿ ಅಷ್ಟು ಸಿಹಿಯಾದ ಮೌನ ಇನ್ನೊಂದಿಲ್ಲ. ಆತ ಬಸಿಯಲ್ಲಿದ್ದ ಚಹಾ ಕುಡಿದ, ಅರ್ಧ ಬಿಟ್ಟ, ಬಾಯಿ ಒರೆಸಿಕೊಂಡ. ಆಮೇಲೆ ಬೆಂಚಿನ ಕಡೆ ತಿರುಗಿ ಹೇಳಿದ:

“ನಾ ಹೇಳಿದ್ರಾಗ ತಪ್ಪೇನೈತ್ರಲೇ? ಮುಂಜಾನಿಂದ ಸಂಜಿತನಕ ಕಾಲ ಎತ್ತಿಲ್ಲಂದೆ. ಎತ್ಯಾನೇನು?”

ಮುಗಿದೇ ಹೋಯಿತು! ಬೆಂಚು ಹೋ ಎಂದು ಎದ್ದಿತು. “ಕಾಕಾ ಅಂದ್ರ ಕಾಕಾ! ಟೈಲರ್ ಕಾಲನೂ ಹಿಡಿದುಬಿಟ್ಟ ನೋಡ್ರಿ!” ವಾರ ಕಳೆಯುವುದರೊಳಗೆ ಈ ಕಥೆ ಹರಪನಹಳ್ಳಿ ಮುಟ್ಟಿತು, ಆತನ ಪವಾಡಗಳ ಲೆಕ್ಕಕ್ಕೆ ಇದೂ ಸೇರಿತು. ನಾನು ಆ ಕಥೆಯಲ್ಲಿ ಚಪ್ಪಲಿ ತಂದುಕೊಟ್ಟ ಹೆಂಗಸು, ಅಷ್ಟೇ. ಥೂ, ಇಂಥವರನ್ನು ಕೆಡಿಸುವುದು ಇಂಥ ಬೆಂಚುಗಳೇ.

ಒಂದು ಒಳ್ಳೆಯದಾಯಿತು. ನಮ್ಮಣ್ಣ ಮಾತ್ರ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ “ಏನ್ ಹೇರ್ತೀವಿ ಅಂತ ನಾನೂ ಹೇಳ್ಲಿಲ್ಲಲ್ಲವಾ” ಎಂದ. ಮನೆ ಮುಟ್ಟುವಾಗ, “ಇನ್ನೊಂದ ಸಲ ನೋಡು. ಈ ಸಲ ನಿನ್ನ ಮನಸಿಗೆ ಬಂದದ್ದು ಹಾಕ್ಸು” ಎಂದ.

ಹರಪನಹಳ್ಳಿಯಲ್ಲಿ ಒಬ್ಬ ಫಿಟ್ಟರ್ ಇದ್ದಾನೆ. ಬಾಯಿ ಕಡಿಮೆ, ಕಿವಿ ದೊಡ್ಡದು. ಅವನ ಎದುರಿಗೆ ಗೇರ್‌ಬಾಕ್ಸ್ ಬಿಚ್ಚಿಸಿ ಎಲ್ಲ ಹೇಳಿದೆ: ಪವರ್ ಇಷ್ಟು, ಲೋಡು ಮೊಟ್ಟೆ, ಏರು ಹೀಗೆ, ಕಾಲು ನನ್ನದು. ಅವನು ಬಗ್ಗಿ ಪ್ಲೇಟು ಒತ್ತಿ ಕೂರುವ ಚಕ್ರವನ್ನು, ಫ್ಲೈವೀಲನ್ನು ನೋಡಿದ. ಪಟ್ಟಿಯನ್ನು ಗಟ್ಟಿ ಮಾಡುವ ಬದಲು ಅಗಲ ಮಾಡಿದರೆ ಹೇಗೆ ಎಂದು ನಾನೇ ಕೇಳಿದೆ. ರೊಟ್ಟಿ ಬಡಿಯುವವಳಿಗೆ ಅಂಗೈ ಅಗಲವಾದಷ್ಟು ಹಿಡಿತ ಎಂದು ಗೊತ್ತಿರುತ್ತದೆ. ಫಿಟ್ಟರ್ ತಲೆ ಕೆರೆದುಕೊಂಡು, “ಆಗ್ತೇತಿ ಕಣಕ್ಕ” ಎಂದ. ಅದೇ ಕಂಪನಿಯ ದೊಡ್ಡ ಗಾಡಿಯ ಅಗಲದ ಪ್ಲೇಟು, ಮೆದು ಪಟ್ಟಿಯದೇ, ಅದಕ್ಕೆ ಹೊಂದುವ ಪ್ರೆಶರ್ ಪ್ಲೇಟು. ಲೇತಿನಲ್ಲಿ ಫ್ಲೈವೀಲ್ ಸಾಪು ಮಾಡಿಸಿ ಹೊಸ ತೂತು ಹೊಡೆಸಿದೆವು. ಜೋಡಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಆಕ್ಸಿಲೇಟರ್ ಕೊಟ್ಟು ಕ್ಲಚ್ ಬಿಟ್ಟೆ. ಪ್ಲೇಟು ಜಾರುತ್ತಿದ್ದರೆ ಎಂಜಿನ್ ಕೂಗುತ್ತಲೇ ಇರುತ್ತದೆ, ಹಿಡಿದರೆ ನಿಲ್ಲಬೇಕು. ಎಂಜಿನ್ ಗಪ್ಪನೆ ನಿಂತಿತು. ನಾನು ಸೀಟಿನಲ್ಲೇ ಕೂತು ಅತ್ತುಬಿಟ್ಟೆ. ಮರುದಿನ ಮಣ್ಣಿನ ಏರು ಹತ್ತುವಾಗ ಒಂದು ಮೊಟ್ಟೆಯೂ ಬಿರುಕು ಬಿಡಲಿಲ್ಲ. ಹಡಗಲಿಯವನೇ ಫೋನ್ ಮಾಡಿ ಕರೆದ.

ಆರು ತಿಂಗಳಿಗೆ ಕೇಳುತ್ತೇನೆ, ಪವರ್ ಏರಿಸಿದ ಪಿಕಪ್ಪುಗಳಿಗೆಲ್ಲ ಕಾಕಾ ಹೊಸ ಮದ್ದು ಕೊಡುತ್ತಿದ್ದಾನಂತೆ: ದೊಡ್ಡ ಗಾಡಿಯ ಅಗಲದ ಪ್ಲೇಟು, ಮೆದು ಪಟ್ಟಿಯದು. ‘ಕಾಕಾ ಸೆಟ್’ ಎಂದು ಅದಕ್ಕೆ ಹೆಸರೂ ಬಿದ್ದಿತ್ತು. ಮೊನ್ನೆ ಫ್ಲೆಕ್ಸಿಗೆ ಚಂದಾ ಎತ್ತಲು ಬಂದ ಡ್ರೈವರುಗಳು ನನಗೇ ಹೇಳಿದರು, “ನಿಮ್ಮ ಗಾಡ್ಯಾಗೂ ಅವ್ರ ಸೆಟ್ಟೇ ಐತಲ್ಲಕ್ಕಾ.” ಚಂದಾ ಕೊಡಲಿಲ್ಲ. ಯಾಕೆಂದು ಕೇಳಲಿಲ್ಲ ಅವರು, ಹೆಂಗಸಿನ ಕೈ ಬಿಗಿ ಎಂದುಕೊಂಡು ಹೋದರು.

ಇಷ್ಟೇ ಆಗಿದ್ದರೆ ಆತನನ್ನು ಮರೆತುಬಿಡುತ್ತಿದ್ದೆ. ಇನ್ನೊಂದಿದೆ, ಇದನ್ನು ನಾನು ನಮ್ಮನೆಯವರಿಗೂ ಹೇಳಿಲ್ಲ.

ಹೊಸ ಕ್ಲಚ್ ಹಾಕಿಸಿ ವರ್ಷವಾಗುವುದರೊಳಗೆ ಪೆಡಲ್ ಒತ್ತಿದರೆ ಕಿರ್ರೆನ್ನುವ ಸದ್ದು ಬರತೊಡಗಿತು. ರಿಲೀಸ್ ಬೇರಿಂಗ್. ಪೆಡಲ್ ಒತ್ತಿದಾಗ ಹೋಗಿ ಕ್ಲಚ್ಚನ್ನು ಬಿಡಿಸುವ ಸಣ್ಣ ಸಾಮಾನು ಅದು, ವರ್ಷಗಟ್ಟಲೆ ಬಾಳಬೇಕು. ಬಿಚ್ಚಿಸಿ ಕೈಯಲ್ಲಿ ಹಿಡಿದುಕೊಂಡು, ಬೇರೆ ಎಲ್ಲೂ ಸಿಗದೆ, ಮತ್ತೆ ಅದೇ ಕೌಂಟರಿಗೆ ಹೋದೆ. ಆತ ತುಂಬ ಇಳಿದುಹೋಗಿದ್ದ. ಬೇರಿಂಗ್ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಮತ್ತೊಮ್ಮೆ ತಿರುಗಿಸಿದ. ಆಮೇಲೆ, ಮೊದಲನೇ ಸಲ, ನನ್ನ ಮುಖ ನೋಡಿದ. ಕೌಂಟರಿನ ಮೇಲಿಂದ ಕೈ ಚಾಚಿದ.

“ಎಡಗಾಲಂದು ಬಿಡವಾ” ಎಂದ.

ಬೆಂಚಿನವರೆಲ್ಲ ಇತ್ತ ತಿರುಗಿದರು. ಹೆಣ್ಣುಮಕ್ಕಳ ಚಪ್ಪಲಿ ಮುಟ್ಟದವನು! ನಾನು ಸಾಧ್ಯವಾದಷ್ಟು ಜೋರಾಗಿ ಹೇಳಿದೆ: “ನಮ್ಮನಿಯವ್ರದು ತಂದುಕೊಡ್ಲೇನ್ರಿ?”

ಬೆಂಚಿನವರೆಲ್ಲ ನಕ್ಕರು, ಈ ಸಲ ಆತನನ್ನು ನೋಡಿ. ಆತ ಕೈ ಹಿಂದೆ ತೆಗೆದುಕೊಂಡ. ಒಳಗೆ ಹೋಗಿ ಹೊಸ ಬೇರಿಂಗ್ ತಂದು ಕೊಟ್ಟ. ಚಹಾ ಮುಟ್ಟಲಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಎಡಗಾಲ ಚಪ್ಪಲಿ ತೆಗೆದು ತಿರುವಿದೆ. ತಿರುವುವ ಮುಂಚೆಯೇ ನನಗೆ ಗೊತ್ತಿತ್ತು, ಅದಕ್ಕೇ ಆತನ ಮುಂದೆ ಬಿಡಲಿಲ್ಲ. ಮುಂಗಾಲಿನ ಹತ್ತಿರ ಅಟ್ಟೆ ನಮ್ಮನೆಯವರ ಚಪ್ಪಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ಅಪ್ಪನ ಟೆಂಪೋ ಗುಜರಿಗೆ ಹೋಗಿ ಇಷ್ಟು ವರ್ಷವಾದರೂ ನನ್ನ ಕಾಲು ಅದರ ಪೆಡಲನ್ನು ಎತ್ತಲು ಕಾಯುತ್ತಲೇ ಇತ್ತು. ಬೇರಿಂಗ್ ಹೋದದ್ದು ಅದರಿಂದ. ಮೊದಲಿನ ಎರಡು ಪ್ಲೇಟು ಅಷ್ಟು ಬೇಗ ಸುಟ್ಟದ್ದರಲ್ಲೂ ನನ್ನ ಕಾಲಿನ ಪಾಲಿತ್ತು. ಎಂಜಿನ್ನಿನದು ಹೆಚ್ಚು, ನನ್ನದೂ ಇತ್ತು.

ಆತನ ವಿದ್ಯೆ ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ವಿದ್ಯೆ ನಿಜವಾಗಿತ್ತು. ಅವತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆನಲ್ಲ, ತಿರುವಿ ನೋಡಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು, ಪ್ಲೇಟು ಅಲ್ಲ, ಕಾಲು ಬದಲಿಸು ಎಂದು ಬೈದು ಹೇಳಬಹುದಿತ್ತು, ಎಲ್ಲ ಡ್ರೈವರುಗಳಿಗೆ ಬೈದ ಹಾಗೆ. ಮೊಟ್ಟೆ ಒಡೆಯುತ್ತಿರಲಿಲ್ಲ, ಮಂಡಿ ಹೋಗುತ್ತಿರಲಿಲ್ಲ, ಕೀಲಿ ಇವತ್ತು ಹೋಗುತ್ತದೋ ನಾಳೆ ಹೋಗುತ್ತದೋ ಎಂದು ನಾನು ಅಷ್ಟು ದಿನ ಬೇಯುತ್ತಿರಲಿಲ್ಲ. ವಿದ್ಯೆ ಗೊತ್ತಿದ್ದೂ ಮುಟ್ಟಲಿಲ್ಲ ಆ ಮನುಷ್ಯ.

ಆವತ್ತು ಕೊಟ್ಟ ಬೇರಿಂಗ್ ಇನ್ನೂ ಓಡುತ್ತಿದೆ. ಎಡಗಾಲು ಈಗ ನೆಲದ ಮೇಲಿರುತ್ತದೆ, ಪೆಡಲಿನ ಕಡೆ ಜಾರಿದಾಗೆಲ್ಲ ನಾನೇ ಬೈದುಕೊಳ್ಳುತ್ತೇನೆ, ಆತನ ಮಾತಿನಲ್ಲೇ. ಇದನ್ನು ಆತನಿಗೆ ಹೇಳಲಿಲ್ಲ. ಹೇಳಬೇಕೆಂದು ಆ ಅಂಗಡಿಯ ಮುಂದೆ ಎರಡು ಸಲ ಗಾಡಿ ನಿಧಾನ ಮಾಡಿದ್ದೆ, ನಿಲ್ಲಿಸಲಿಲ್ಲ.

ಫ್ಲೆಕ್ಸಿನ ಮುಂದೆ ಇವತ್ತು ಹಿಂದಿನ ಲಾರಿಯವನು ಹಾರ್ನ್ ಹೊಡೆಯುವವರೆಗೆ ನಿಂತಿದ್ದೆ. ಮತ್ತೆ ಹುಟ್ಟಿ ಬರುವುದಾದರೆ ಬರಲಿ, ನನ್ನ ಅಡ್ಡಿಯಿಲ್ಲ. ಆದರೆ ನಾನು ಹೋದ ಮೊದಲನೇ ದಿನವೇ ಕೈ ಚಾಚಿ ನನ್ನ ಚಪ್ಪಲಿ ಕೇಳಬೇಕು.